ದೊಡ್ಡ ಕಂಪ್ಯೂಟರು ಕಟ್ಟಿಕೊಟ್ಟ ಲೈಬ್ರರಿ

ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯಲ್ಲಿ ಒಂದು ಪುಟ್ಟ ಚಿಪ್ ಇತ್ತು. ದೇವರು ಅದಕ್ಕೆ ಕೊಟ್ಟಿದ್ದ ನೆನಪು ಬೊಗಸೆಯಷ್ಟು. ಕಾವು ಇಳಿದರೆ ದೀಪ ಹೊತ್ತಿಸುವುದು, ಏರಿದರೆ ಆರಿಸುವುದು ಅದರ ಕೆಲಸ. ಅದಕ್ಕೆ ಬೇಕಾದ ಸಿ ಭಾಷೆಯ ಲೈಬ್ರರಿಯನ್ನು, ಅಂದರೆ ದಿನಬಳಕೆಯ ಆದೇಶಗಳ ಕಟ್ಟನ್ನು, ಮೇಜಿನ ಮೇಲಿನ ದೊಡ್ಡ ಕಂಪ್ಯೂಟರು ಕಟ್ಟಿ ಕಳಿಸಬೇಕಿತ್ತು.

ಮೊದಲು ಕಳಿಸಿದ್ದು ಒಳಗೆ ಹಿಡಿಸಲೇ ಇಲ್ಲ. ಲೋಕದ ಲಿಪಿಗಳೂ ಪಂಚಾಂಗಗಳೂ ಅದರಲ್ಲಿದ್ದವು. ಆಮೇಲಿನದು ಹಿಡಿಸಿತು, ಆದರೆ ಅದರ ಒಂದು ಮಾತೂ ಚಿಪ್‌ಗೆ ತಿಳಿಯಲಿಲ್ಲ. ಅಷ್ಟರಲ್ಲಿ ಮೊಟ್ಟೆಗಳು ತಣ್ಣಗಾಗತೊಡಗಿದ್ದವು.

"ನಾನೇ ನಡೆಸಿ ನೋಡಿ ಕಳಿಸಿದ್ದೇನಪ್ಪ. ಇಲ್ಲಿ ಹೂವೆತ್ತಿದ ಹಾಗೆ ನಡೆಯಿತು. ಕೊರತೆ ನಿನ್ನದೇ," ಎಂದಿತು ಕಂಪ್ಯೂಟರು.

ಜಗಳಕ್ಕೂ ಚಿಪ್‌ನಲ್ಲಿ ತ್ರಾಣವಿರಲಿಲ್ಲ. "ಅಣ್ಣಾ, ನೀವು ನಿಮ್ಮ ಮಾತಿನಲ್ಲಿ ಕಟ್ಟಿದ್ದೀರಿ. ನನ್ನ ಮಾತೇ ಬೇರೆ. ಒಮ್ಮೆ ನನ್ನನ್ನು ಕೇಳಿ ಕಟ್ಟಿ," ಎಂದಿತು.

"ಸರಿ ಮಾರಾಯ, ಏನೇನು ಬೇಕು ಹೇಳು."

"ಕಾವು ತಿಳಿಯಬೇಕು, ದೀಪ ಹೊತ್ತಿಸಬೇಕು, ಆರಿಸಬೇಕು. ಮಿಕ್ಕಿದ್ದು ನಿಮ್ಮಲ್ಲೇ ಇರಲಿ."

ಕಂಪ್ಯೂಟರು ಗೊಣಗುತ್ತಲೇ ಮಿಕ್ಕಿದ್ದನ್ನೆಲ್ಲ ತೆಗೆದು, ಚಿಪ್‌ನ ಮಾತಿನಲ್ಲಿ ಮತ್ತೆ ಕಟ್ಟಿತು. ರೂಢಿಯಂತೆ ತಾನೇ ನಡೆಸಿ ನೋಡಹೋಗಿ ಪೆಚ್ಚಾಯಿತು.

"ನನ್ನಲ್ಲಿ ಇದು ಒಂದು ಹೆಜ್ಜೆಯೂ ನಡೆಯುತ್ತಿಲ್ಲವಲ್ಲೋ. ಎಲ್ಲೋ ಕೆಟ್ಟಿದೆ. ಇದನ್ನು ಕಳಿಸುವುದು ಹೇಗೆ?"

"ನಿಮ್ಮಲ್ಲಿ ನಡೆಯಲಿಲ್ಲವೆಂದರೆ ಈ ಸಲ ನನಗೆಂದೇ ಕಟ್ಟಿದ್ದೀರಿ. ಕಳಿಸಿಬಿಡಿ ಅಣ್ಣಾ," ಎಂದು ಚಿಪ್ ನಿಟ್ಟುಸಿರುಬಿಟ್ಟಿತು.

ಸ್ವಲ್ಪ ಹೊತ್ತಿಗೆ ಪೆಟ್ಟಿಗೆಯೊಳಗೆ ದೀಪ ಹೊತ್ತಿತು. ಚಿಪ್ ಕಾವು ನೋಡುತ್ತ ಕೂತಿತು.