ಕಾಳ್ಯಾನ ಬಾಯಿಗೆ ಸಿಕ್ಕ ಕಪ್ಪೆ

ಹೊಳೆ ದಂಡೆಯ ಹಾಲಜ್ಜನ ಆಶ್ರಮದಲ್ಲಿ ಕಟ್ಟಳೆಗಳು ಹೆಚ್ಚಿರಲಿಲ್ಲ. ಯಾರು ಬೇಕಾದರೂ ಬರಬಹುದು, ಉಣ್ಣಬಹುದು, ದುಡಿಯಬಹುದು, ಬೇಸರ ಬಂದರೆ ಎದ್ದು ಹೋಗಬಹುದು. ಇದ್ದದ್ದು ಒಂದೇ ಕಟ್ಟಳೆ. ಅದನ್ನು ಮಾತ್ರ ಬ್ರಹ್ಮ ಬಂದರೂ ಸಡಿಲಿಸುವ ಹಾಗಿರಲಿಲ್ಲ.

ಸಂಜೆ ಅಂಗಳದ ಕಲ್ಲುಗಂಬದ ಮೇಲೆ ಹಣತೆ ಹಚ್ಚುತ್ತಿದ್ದರು. ಹಣತೆಗೆ ಒಂದು ಸೌಟು ಎಣ್ಣೆ. ಆ ಎಣ್ಣೆ ಉರಿದು ಮುಗಿಯುವ ತನಕ ಎಲ್ಲರೂ ಅಂಗಳದಲ್ಲಿ ಕೂತು ಮೌನ. ಮಾತಾಡುವಂತಿಲ್ಲ, ಏಳುವಂತಿಲ್ಲ.

ಮುರಿದವರು ಬಾಗಿಲ ಹೊರಗೆ ಕೂರಬೇಕು. ಅವರ ಊಟ ಎಲ್ಲರದೂ ಆದ ಮೇಲೆ, ನಾಯಿಗಳದೂ ಆದ ಮೇಲೆ. ಹೊಸ್ತಿಲಿಗೆ ಹಣೆ ಹಚ್ಚಿ 'ತಪ್ಪಾತು' ಅಂದರೆ ಮತ್ತೆ ಒಳಗೆ. ಅನ್ನದೆ ಹೊಸ್ತಿಲು ದಾಟಿದರೆ ಆಶ್ರಮದ ಋಣ ಅಲ್ಲಿಗೆ ಮುಗಿಯಿತು. ನಿದ್ದೆಯಲ್ಲಿ ಗೊಣಗಿದವರು, ಸೊಳ್ಳೆಗೆ ಬೈದವರು ಹಾಗೆ ಹೊರಗೆ ಹೋಗಿ ಒಳಗೆ ಬಂದಿದ್ದರು. ಒಂದು ದಿನ ಮೀರಿ ಹೊರಗೆ ಉಳಿದವರು ಯಾರೂ ಇರಲಿಲ್ಲ. ಹಸಿವಿಗಿಂತ ದೊಡ್ಡ ಗುರು ಯಾರಿದ್ದಾರೆ?

ಫಕೀರವ್ವ ಆಶ್ರಮಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ನಲವತ್ತರ ಹೆಂಗಸು. ಇಡೀ ಆಶ್ರಮಕ್ಕೆ ರೊಟ್ಟಿ ಬಡಿಯುವವಳು ಅವಳೇ. ಬಾಯಿ ಜೋರು. ಆದರೆ ಮೌನವನ್ನು ಒಂದು ದಿನವೂ ಮುರಿದವಳಲ್ಲ.

ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ. ಸಂಜೆ ದೀಪಕ್ಕೆ ರೆಕ್ಕೆಹುಳ ಮುತ್ತಿದವು. ಸುಟ್ಟು ಕೆಳಗೆ ಬಿದ್ದ ಹುಳ ತಿನ್ನಲು ಕಪ್ಪೆ ಬಂತು. ಹೊಳೆಯಲ್ಲಿ ವಟಗುಟ್ಟುವ ನುಣುಪು ಮೈಯ ಕಪ್ಪೆಯಲ್ಲ. ಮೈತುಂಬ ಗಂಟು ಎದ್ದ, ಮುಷ್ಟಿ ಗಾತ್ರದ ನೆಲಗಪ್ಪೆ. ಕಂಬದ ಬುಡದಲ್ಲಿ ಕೂತು ಅದು ತನ್ನ ಪಾಡಿಗೆ ಹುಳ ನುಂಗುತ್ತಿತ್ತು.

ಆಶ್ರಮದಲ್ಲಿ ಮೂರು ನಾಯಿ. ಎರಡಕ್ಕೆ ವಯಸ್ಸಾಗಿ ಬುದ್ಧಿ ಬಂದಿತ್ತು. ಮೂರನೆಯದು ಕಾಳ್ಯಾ. ಚಪ್ಪಲಿ, ಪೊರಕೆ, ಜಪಮಣಿ, ಎಲ್ಲದರ ರುಚಿ ನೋಡಿದ ಪ್ರಾಣಿ. ಅದು ಕಪ್ಪೆಗೂ ಬಾಯಿ ಹಾಕಿತು. ಹಾಕಿದಷ್ಟೇ ಬೇಗ ಉಗುಳಿತು.

ಫಕೀರವ್ವ ಕಣ್ಣು ಬಿಟ್ಟುಕೊಂಡೇ ಮೌನ ಮಾಡುವವಳು. ನೋಡಿಬಿಟ್ಟಳು. ಅವಳ ತವರಿನ ನಾಯಿಯೊಂದು ಇಂಥದೇ ಕಪ್ಪೆಗೆ ಬಾಯಿ ಹಾಕಿ, ನೊರೆ ಕಾರಿ, ಮನೆಮಂದಿಯೆಲ್ಲ ನೋಡುತ್ತಾ ನಿಂತಿದ್ದ ಹಾಗೆಯೇ ಸತ್ತಿತ್ತು. ಆ ಗಂಟುಗಳಲ್ಲಿ ಹಾಲಿನಂಥ ವಿಷ ಇರುತ್ತದೆ, ಆಗಿಂದಾಗಲೇ ಬಾಯಿ ತೊಳೆದಿದ್ದರೆ ಉಳಿಯುತ್ತಿತ್ತೋ ಏನೋ ಎಂದು ಆಮೇಲೆ ಒಬ್ಬ ಕುರುಬ ಹೇಳಿದ್ದ.

ಕಾಳ್ಯಾ ತಲೆ ಒದರಿತು. ಮುಂಗಾಲಿನಿಂದ ಮೂತಿ ಉಜ್ಜಿಕೊಂಡಿತು. ಬಾಯಲ್ಲಿ ನೊರೆ ಬಂತು.

ಫಕೀರವ್ವ ಅರ್ಧ ಎದ್ದಳು. ಎದುರಿಗೆ ಕೂತಿದ್ದ ಹಾಲಜ್ಜ ಅಂಗೈಯನ್ನು ಕೆಳಗೆ ಒತ್ತಿ ಸನ್ನೆ ಮಾಡಿದ. ಕೂತುಕೊ ಎಂದು.

ಕೂತಳು. ಮೂರು ಉಸಿರಿನಷ್ಟು ಹೊತ್ತು. ನಾಯಿಯ ಹಿಂಗಾಲು ಸೆಟೆಯಿತು.

ಎದ್ದಳು.

“ಈರಯ್ಯ, ಇದನ್ನ ಹಿಡ್ಕೊ.”

ಈರಯ್ಯ ಎಲ್ಲರಿಗಿಂತ ಹಿರಿಯ ಶಿಷ್ಯ. ಅವನು ಮುಚ್ಚಿದ ಕಣ್ಣನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿದ.

ಫಕೀರವ್ವ ಮರುದಿನದ ಪೂಜೆಗೆಂದು ಮಡಿಯಲ್ಲಿ ತುಂಬಿಟ್ಟಿದ್ದ ತಾಮ್ರದ ಬಿಂದಿಗೆಯನ್ನು ಎತ್ತಿಕೊಂಡಳು. ಕಾಳ್ಯಾನನ್ನು ಮೊಣಕಾಲ ನಡುವೆ ಹಿಡಿದು, ಮೂತಿ ನೆಲಕ್ಕೆ ಬಾಗಿಸಿ, ಬಾಯಿಯ ಮಗ್ಗುಲಿನಿಂದ ನೀರು ಹೊಯ್ದಳು. ಸೆರಗು ಒದ್ದೆ ಮಾಡಿ ವಸಡು ಒರೆಸಿದಳು, ನಾಲಿಗೆ ಒರೆಸಿದಳು. ಮತ್ತೆ ನೀರು, ಮತ್ತೆ ಸೆರಗು. ಬಿಂದಿಗೆ ಬರಿದಾಯಿತು.

ನಾಯಿ ನಡುಗುತ್ತಾ ಅವಳ ಪಾದದ ಮೇಲೆ ತಲೆಯಿಟ್ಟಿತು. ನಿಧಾನಕ್ಕೆ ಉಸಿರು ಹದಕ್ಕೆ ಬಂತು.

ದೀಪ ಆರಿತು. ಆಗ ಎಲ್ಲರಿಗೂ ಬಾಯಿ ಬಂತು.

“ಮೌನ ಮುರದ್ಲು,” ಎಂದರು. “ಪೂಜಿ ನೀರು ನಾಯಿ ಬಾಯಿಗೆ ಹಾಕಿದ್ಲು,” ಎಂದರು. ಒಬ್ಬ ಕಪ್ಪೆಯನ್ನು ಜಜ್ಜಲು ಕಲ್ಲು ಎತ್ತಿಕೊಂಡ.

“ಕಲ್ಲು ಕೆಳಗ ಇಡು,” ಎಂದಳು ಫಕೀರವ್ವ. “ಅದೇನು ಯಾರ ಬಾಯಾಗ ತಾನಾಗಿ ಹೋಗಿತ್ತೇನು?”

ಮೊರದಲ್ಲಿ ಕಪ್ಪೆಯನ್ನು ಸರಿಸಿಕೊಂಡು ಹೋಗಿ ಬೇಲಿಯಾಚೆ ಬಿಟ್ಟು ಬಂದಳು.

ಹಾಲಜ್ಜ ಕೇಳಿದ, “ನಾ ಸನ್ನಿ ಮಾಡಿದ್ದು ನಿನಗ ಕಾಣಲಿಲ್ಲೇನು?”

“ಕಾಣ್ತು.”

“ಮತ್ತ?”

“ಕಂಡ ಮ್ಯಾಲೇನ ಎದ್ದೆ.”

ಹಾಲಜ್ಜ ಬಾಗಿಲ ಕಡೆ ಬೆರಳು ತೋರಿಸಿದ. ಫಕೀರವ್ವ ಒದ್ದೆ ಸೆರಗು ಹಿಂಡಿಕೊಂಡು ಹೊರಗೆ ನಡೆದಳು.

ಬಾಗಿಲ ಹೊರಗೆ ಒಂದು ಕಟ್ಟೆ, ಮೇಲೆ ತಗಡಿನ ಮಾಡು. ಅಲ್ಲಿ ಕೂತಳು. ಬೆಳಗಾದರೆ 'ತಪ್ಪಾತು' ಅಂದುಬಿಡುತ್ತಾಳೆ ಎಂದುಕೊಂಡರು ಎಲ್ಲರೂ.

ಬೆಳಿಗ್ಗೆ ಹಾಲಜ್ಜ ಹೊಸ್ತಿಲ ಬಳಿ ಬಂದ.

“ತಪ್ಪಾತೇನು?”

“ಇಲ್ಲ.”

ಹಾಲಜ್ಜ ಹೊರಟುಹೋದ. ಎರಡನೆಯ ದಿನವೂ ಬಂದ, ಹಾಗೇ ಹೋದ. ಮೂರನೆಯ ದಿನ ನಿಂತ.

“ಕಪ್ಪಿ ಮ್ಯಾಲೆ ಸಿಟ್ಟಿಲ್ಲೇನು ನಿನಗ?”

“ಇಲ್ರಿ. ಅದರ ಮೈ ಅದು ಕಾಯ್ಕೊಂತೈತಿ.”

“ನಾಯಿ ಮ್ಯಾಲೆ?”

“ಅದಕ್ಕ ತಿಳಿಯಂಗಿಲ್ಲ.”

“ಮತ್ತ ಯಾರ ಮ್ಯಾಲೆ ಸಿಟ್ಟು ಮಾಡ್ಕೊಂಡು ಕುಂತಿ?”

“ನಿಮ್ಮ ಮ್ಯಾಲೆ.”

ಹಾಲಜ್ಜ ಒಳಗೆ ಹೋಗಿ, ಅವತ್ತಿನ ತನ್ನ ರೊಟ್ಟಿಯನ್ನು ನಾಯಿಗಳಿಗೂ ಆದ ಮೇಲೆಯೇ ತಿಂದ. ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಐದನೆಯ ದಿನ ಊಟದ ತಾಟು ಹಿಡಿದು ಈರಯ್ಯ ಬಂದ. ತಾಟನ್ನು ಕೆಳಗಿಟ್ಟು ತಾನೂ ಕುಕ್ಕರಗಾಲಲ್ಲಿ ಕೂತ.

“ಅಕ್ಕಾ, ಒಂದು ಮಾತು. 'ತಪ್ಪಾತು' ಅಂದು ಒಳಗ ಬಂದುಬಿಡು. ಮನಸಿನ್ಯಾಗ ಏನರ ಇಟ್ಕೊ, ಯಾರು ನೋಡತಾರ?”

“ರೊಟ್ಟಿ ಯಾರು ಬಡದಾರ?”

“ನಾನ.”

“ಚಪ್ಪಲಿ ಅಂದ್ಕೊಂಡೆ.”

ಈರಯ್ಯನಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. “ಹಠ ಮಾಡಿ ಏನು ಸಾಧಸ್ತಿ? ನಾಯಿ ಉಳೀತಲ್ಲ.”

ಫಕೀರವ್ವ ರೊಟ್ಟಿ ಮುರಿದಳು. ಅವಳಿಗೂ ಸಾಕಾಗಿತ್ತು. ಸೊಳ್ಳೆ ಕಚ್ಚಿ ಕಾಲೆಲ್ಲ ದದ್ದು ಎದ್ದಿತ್ತು. ನಾಲ್ಕು ವರ್ಷದಲ್ಲಿ ಇದು ತನ್ನ ಮನೆ ಎಂದುಕೊಂಡಿದ್ದಳು. ಇದನ್ನು ಬಿಟ್ಟರೆ ಹೋಗಲು ಇನ್ನೊಂದು ಜಾಗವಿರಲಿಲ್ಲ. ಆ ಒಂದು ಮಾತು ನಾಲಿಗೆಯ ತುದಿಗೆ ಬಂದು ಬಂದು ಹೋಗುತ್ತಿತ್ತು.

“ಈರಯ್ಯ, ಅವತ್ತ ಎದ್ದಿದ್ದು ತಪ್ಪು ಅಂತ ಇವತ್ತ ಅಂದ್ರ, ನಾಳೆ ಮತ್ತೊಂದು ನಾಯಿ ಹಂಗ ಬಿದ್ದಾಗ ನಾ ಕೂತಿರಬೇಕಾಗತೈತಿ. ಕೂತಿರಾಕ ನನಗ ಆಗಂಗಿಲ್ಲ. ಅದಕ್ಕ ಅನ್ನಂಗಿಲ್ಲ.”

“ಹಂಗಾದ್ರ ಹೊರಗ ಇರತೀಯೇನು, ಜನ್ಮಪೂರ್ತಿ?”

“ಮಾಡು ಸೋರಾಕ ಹತ್ತೈತಿ. ಒಂದು ತಗಡು ತಂದು ಕೊಡು.”

ಈರಯ್ಯ ತಗಡು ತಂದು ಕೊಟ್ಟ. ಸಂಜೆ ಹೊತ್ತು ನಾಯಿಗಳನ್ನು ಕೊಟ್ಟಿಗೆಯಲ್ಲಿ ಕಟ್ಟಿಹಾಕುತ್ತಿದ್ದೇನೆ ಎಂದೂ ಹೇಳಿದ. ಅವನ ಕೈಲಾದದ್ದು ಅಷ್ಟು.

ಎಂಟನೆಯ ದಿನ ಹಾಲಜ್ಜ ಹೊಸ್ತಿಲ ಒಳಗೆ ನಿಂತು, 'ತಪ್ಪಾತೇನು' ಎಂದು ಕೇಳಲಿಲ್ಲ. ಬೇರೆ ಕೇಳಿದ.

“ಮೌನ ಯಾಕ ಮಾಡತೀವಿ, ಫಕೀರವ್ವ?”

“ನೀವ ಹೇಳಿದ್ರಿ. ನಮ್ಮ ಗದ್ದಲ ನಿಂತ್ರ ಉಳದದ್ದು ಕೇಳಸತೈತಿ ಅಂತ.”

“ಅವತ್ತ ನಿನಗ ಏನು ಕೇಳಿಸ್ತು?”

“ಕಾಳ್ಯಾನ ಉಸಿರು ಸಿಕ್ಕೊಂಡಿದ್ದು ಕೇಳಿಸ್ತು. ನಿಮಗ ಕೇಳಸಲಿಲ್ಲೇನು?”

ಹಾಲಜ್ಜ ಬಾಗಿಲ ಚೌಕಟ್ಟು ಹಿಡಿದುಕೊಂಡ. ಎಂಬತ್ತು ವರ್ಷದ ಮುದುಕ.

“ಕೇಳಿಸ್ತು,” ಎಂದ. ಒಳಗೆ ಹೋದ.

ಒಂಬತ್ತನೆಯ ದಿನ ಮಧ್ಯಾಹ್ನವೆಲ್ಲ ಮಳೆ ಸುರಿಯಿತು. ಸಂಜೆ ಮಳೆ ನಿಂತು ಹೊಳವಾದಾಗ ದೀಪ ಹಚ್ಚಿದರು. ಬಾಗಿಲು ತೆರೆದೇ ಇತ್ತು. ಕಟ್ಟೆಯ ಮೇಲಿಂದ ಫಕೀರವ್ವನಿಗೆ ದೀಪ ಕಾಣುತ್ತಿತ್ತು, ಕೂತವರ ಬೆನ್ನು ಕಾಣುತ್ತಿತ್ತು, ಅವರೆದುರು ಹಾಲಜ್ಜನ ಮುಖ ಕಾಣುತ್ತಿತ್ತು.

ಹುಳ ಬಂದವು. ಕಪ್ಪೆ ಬಂತು. ಕೊಟ್ಟಿಗೆಯ ಹಗ್ಗ ಕಡಿದುಕೊಂಡು ಕಾಳ್ಯಾನೂ ಬಂತು.

ನಾಯಿಯ ಬಾಲಕ್ಕೆ ದಬ್ಬೆ ಕಟ್ಟಿದರೆ ಡೊಂಕು ಹೋದೀತೇ? ಒಮ್ಮೆ ಸಾವಿನ ಬಾಯಿಂದ ಬಂದ ಪ್ರಾಣಿ ಮತ್ತೆ ಅದಕ್ಕೇ ಬಾಯಿ ಹಾಕಿತು. ಈ ಸಲ ಬಲವಾಗಿಯೇ ಕಚ್ಚಿತು. ಉಗುಳಿ, ಎರಡು ಸುತ್ತು ಸುತ್ತಿ, ಮಗ್ಗುಲಾಗಿ ಬಿತ್ತು.

ಫಕೀರವ್ವ ಎದ್ದು ನಿಂತಳು. ಆ ಮಾತು ಅನ್ನದೆ ಹೊಸ್ತಿಲು ದಾಟಿದರೆ ಆಶ್ರಮದ ಬಾಗಿಲು ತನಗೆ ಶಾಶ್ವತವಾಗಿ ಮುಚ್ಚುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮುಚ್ಚಲಿ ಎಂದುಕೊಂಡು ಕಾಲು ಎತ್ತಿದಳು.

ಅಷ್ಟರಲ್ಲಿ ಹಾಲಜ್ಜ ಎದ್ದ.

ನಲವತ್ತು ವರ್ಷದಲ್ಲಿ ದೀಪ ಉರಿಯುತ್ತಿರುವಾಗ ಅವನು ಎದ್ದದ್ದನ್ನು ಯಾರೂ ಕಂಡಿರಲಿಲ್ಲ. ಮೊಣಕಾಲು ಹಿಡಿದುಕೊಂಡು ಎದ್ದ. ನಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ನೊರೆ ಅವನ ಎದೆಯ ಮೇಲೆಲ್ಲ ಇಳಿಯಿತು.

“ಈರಯ್ಯ, ಬಿಂದಿಗಿ ತಗೊಂಡು ಬಾ,” ಎಂದ.

ಗುರುವಿನ ದನಿ ಕೇಳಿ ಈರಯ್ಯ ಕಣ್ಣು ಬಿಟ್ಟ. ಬಿಂದಿಗೆ ಎತ್ತಿಕೊಂಡು ಹಿಂದೆ ಓಡಿದ.

ಹಾಲಜ್ಜ ಹೊಸ್ತಿಲು ದಾಟಿ ಬಂದು ನಾಯಿಯನ್ನು ಫಕೀರವ್ವನ ಮುಂದೆ ಇಳಿಸಿದ.

“ಹೆಂಗ ಹಿಡೀಬೇಕು? ನನಗ ಬರಂಗಿಲ್ಲ. ಹೇಳು.”

“ಮೂತಿ ಕೆಳಗ ಮಾಡ್ರಿ. ಹಂಗಲ್ಲ, ಇನ್ನೂ ಕೆಳಗ. ನೀರು ಗಂಟಲಕ್ಕ ಇಳೀಬಾರ್ದು, ಹೊರಗ ಹರೀಬೇಕು.”

“ಹಿಂಗೇನು?”

“ಹೌದು. ಕೈ ಸಡ್ಲ ಬಿಡಬ್ಯಾಡ್ರಿ.”

ಅವನು ಹಿಡಿದ. ಅವಳು ತೊಳೆದಳು, ಒರೆಸಿದಳು, ಮತ್ತೆ ತೊಳೆದಳು. ಈರಯ್ಯ ಕೇಳದೆಯೇ ಹೊಳೆಗೆ ಹೋಗಿ ಇನ್ನೊಂದು ಬಿಂದಿಗೆ ತಂದ. ಬಹಳ ಹೊತ್ತು ನಾಯಿಯ ಮೈ ಬಿಗಿದೇ ಇತ್ತು. ಫಕೀರವ್ವನಿಗೆ ಅಳು ಬಂತು, ಅಳುತ್ತಲೇ ಒರೆಸಿದಳು. ಕೊನೆಗೆ ಕಾಳ್ಯಾ ಕೆಮ್ಮಿತು. ಕಣ್ಣು ತೆರೆಯಿತು. ಹಾಲಜ್ಜನ ಹೆಬ್ಬೆರಳನ್ನು ಒಮ್ಮೆ ನೆಕ್ಕಿತು.

ಅಂಗಳದ ದೀಪ ಆರಿತ್ತು. ಕೂತಿದ್ದವರೆಲ್ಲ ಎದ್ದು ಬಂದು ಹೊಸ್ತಿಲ ಒಳಗೆ ನಿಂತಿದ್ದರು. ಈರಯ್ಯ ಬಿಂದಿಗೆ ಕೆಳಗಿಟ್ಟು ಗುರುವಿನ ಮುಖ ನೋಡಿದ, ಹೊಸ್ತಿಲನ್ನು ನೋಡಿದ. ಕಟ್ಟಳೆ ಕಟ್ಟಳೆಯೇ. ಇದನ್ನು ಕಲಿಸಿದವನೂ ಈ ಮುದುಕನೇ.

“ಅಜ್ಜಾರ,” ಎಂದ. “ಒಂದು ಮಾತು ಅಂದು ಒಳಗ ಬರ್ರಿ. ಮೈಯೆಲ್ಲ ತೊಯ್ದೈತಿ. ಬಿಸಿನೀರು ಕಾಸತೀನಿ.”

ಹಾಲಜ್ಜ ಬಾಗಿಲ ಕಡೆ ನೋಡಿದ. ಆಮೇಲೆ ತಿರುಗಿ, ಒದ್ದೆ ಪಂಚೆ ಮೊಣಕಾಲ ತನಕ ಎತ್ತಿಕೊಂಡು, ಕಟ್ಟೆಯ ಹತ್ತಿರ ಬಂದ.

“ಸ್ವಲ್ಪ ಸರಿ, ಫಕೀರವ್ವ. ನನಗೂ ಆ ಮಾತು ಬಾಯಾಗ ಬರವಲ್ದು.”