ಹೊಳೆಯಾಚೆಯವರ ಮತ

"ಗುರುಗಳೇ, ಆಯುಧ ಕೆಳಗಿಟ್ಟು ವರ್ಷವಾಯಿತು. ಆದರೂ ನಮ್ಮ ಜನ ಒಬ್ಬರನ್ನೊಬ್ಬರು ಕಂಡರೆ ಬೆಚ್ಚುತ್ತಾರೆ. ಯುದ್ಧ ಮುಗಿಯುವುದು ಯಾವಾಗ?" ಎಂದು ಶಿಷ್ಯ ಮಹಾಂತ ಕೇಳಿದ.

ಗುರುಗಳು ಹೇಳತೊಡಗಿದರು.

ಒಂದು ನಾಡಿನಲ್ಲಿ ಅಣ್ಣತಮ್ಮಂದಿರೇ ಬಡಿದಾಡಿಕೊಂಡರು. ಹೊಳೆಯ ಈಚೆಯವರು ಗೆದ್ದರು, ಆಚೆಯವರು ಸೋತರು. ಮರುವರ್ಷ ಚುನಾವಣೆ ಬಂತು. ಎರಡೂ ದಡದಲ್ಲಿ ಮೊದಲಿನಿಂದ ಇದ್ದ ಪಕ್ಷವೊಂದು ತನ್ನ ಅಭ್ಯರ್ಥಿಯನ್ನು ಆರಿಸಲು ಈಚೆ ದಡದಲ್ಲಿ ಮಹಾಸಭೆ ಕರೆಯಿತು. ಒಬ್ಬ ನೇಕಾರ ಹೆಂಗಸು ತನ್ನ ಊರಿನ ಪ್ರತಿನಿಧಿಯಾಗಿ ಹೋದಳು. ಅವಳ ಒಬ್ಬನೇ ಮಗ ಯುದ್ಧದಲ್ಲಿ ಸತ್ತಿದ್ದ. ಮಗನ ಪಡೆಯನ್ನು ನಡೆಸಿದ ದಳಪತಿಯೇ ಅಭ್ಯರ್ಥಿಯಾಗಲಿ ಎಂಬುದು ಅವಳ ಆಸೆ. ಅವನಿಗೆ ಎದುರಾಗಿ ನಿಂತವನು ಒಬ್ಬ ವಕೀಲ.

ಸಭೆ ತೊಡಗುವ ಹೊತ್ತಿಗೆ ಹೊಳೆಯಾಚೆಯ ಪ್ರತಿನಿಧಿಗಳು ಬಾಗಿಲಿಗೆ ಬಂದರು. ಒಳಗಿದ್ದವರು ಎದ್ದು, ಅವರನ್ನು ಬಿಡಬೇಡಿ ಎಂದು ಕೂಗಾಡಿದರು. ಕೊನೆಗೆ ಅಧ್ಯಕ್ಷನು ನೇಕಾರ ಹೆಂಗಸನ್ನು ತೋರಿಸಿ, "ಈಕೆ ಮಗನನ್ನೇ ಕಳೆದುಕೊಂಡವಳು. ಈಕೆ ಬೇಡ ಎಂದರೆ ಬೇಡ, ಬರಲಿ ಎಂದರೆ ಬರಲಿ" ಎಂದ.

ಅವಳು ಬಾಗಿಲಿಗೆ ನಡೆದಳು. ಮುಂದೆ ಒಬ್ಬ ಮುದುಕ ನಿಂತಿದ್ದ. ಅವನನ್ನು ಕಂಡೊಡನೆ ಅವಳ ಮೈ ಉರಿಯಿತು.

"ಯಾವ ಮುಖ ಹೊತ್ತು ಬಂದಿರಿ?"

"ತಾಯೀ, ನೀವು ಆರಿಸಿದವನು ಗೆದ್ದರೆ ನಮ್ಮನ್ನೂ ಆಳುತ್ತಾನೆ. ಆರಿಸುವಾಗ ನಾವೂ ಕೈ ಎತ್ತಿದ್ದರೆ, ನಾಳೆ ನಮ್ಮ ಹುಡುಗರು ಅವನ ಮೇಲೆ ತಿರುಗಿಬಿದ್ದಾಗ ತಡೆಯಲು ನಮಗೊಂದು ಬಾಯಿರುತ್ತದೆ. ನಮ್ಮಲ್ಲಿ ಉಳಿದಿರುವ ಹುಡುಗರೇ ಕಡಿಮೆ."

ಅವಳು ಅಧ್ಯಕ್ಷನ ಕಡೆ ತಿರುಗಿ, "ಬರಲಿ" ಎಂದಳು. ಆಮೇಲೆ ತನ್ನ ಬೆಂಚಿಗೆ ಮರಳಿ, ಸರಿದು ಕುಳಿತು, ಪಕ್ಕದಲ್ಲಿ ಮುದುಕನಿಗೆ ಜಾಗ ಮಾಡಿದಳು. ಅವನ ಹಿಂದೆ ಉಳಿದವರೂ ಒಳಗೆ ಬಂದರು.

ಹೊಳೆಯಾಚೆಯವರು ಕೈ ಎತ್ತಿದ್ದು ವಕೀಲನಿಗೆ. ಅವರ ಮತದಿಂದಲೇ ದಳಪತಿ ಸೋತ. ಹೊರಗೆ ದಳಪತಿಯ ಸೈನಿಕರು ಬಂದೂಕು ಹಿಡಿದು ನಿಂತಿದ್ದರು. ಅವನು ಒಂದು ಮಾತು ಅಂದಿದ್ದರೆ ಸಾಕು, ಮತ್ತೆ ಗುಂಡು ಹಾರುತ್ತಿತ್ತು. ಅವನು ಅವಳ ಕಡೆ ನೋಡಿದ. ಅವಳು ಮುದುಕನ ಪಕ್ಕದಿಂದ ಏಳಲಿಲ್ಲ. ದಳಪತಿ ವಕೀಲನಿಗೆ ಕೈಮುಗಿದು ಹೊರಗೆ ಬಂದ. "ಗಾಡಿ ಕಟ್ಟಿ, ಊರಿಗೆ ಹೋಗೋಣ" ಎಂದ.

ಕತೆ ಮುಗಿದರೂ ಮಹಾಂತನಿಗೆ ಸಮಾಧಾನವಾಗಲಿಲ್ಲ. "ಅವಳು ಒಳಗೆ ಬಿಟ್ಟವರೇ ಅವಳ ಕಡೆಯವನನ್ನು ಸೋಲಿಸಿದರಲ್ಲ ಗುರುಗಳೇ! ಅವಳಿಗೆ ದಕ್ಕಿದ್ದೇನು?"

"ಬಂದೂಕು ಇದ್ದವನು ಸೋತು ಸುಮ್ಮನೆ ಊರಿಗೆ ಹೋದ. ಯುದ್ಧ ಮುಗಿದದ್ದು ಆಗ, ಮಹಾಂತ."