ಬಾಯಿ ತುಂಬಿದವರ ಒಪ್ಪಿಗೆ

"ನನ್ನ ಮಾತಿಗೆ ಎದುರೇ ಇಲ್ಲ. ಯಾಕೆ ಗೊತ್ತೇನಯ್ಯಾ?" ಎಂದು ಗಂಡಭೈರವ ಮಹಾರಾಜರು ತುಂಬಿದ ಆಸ್ಥಾನದಲ್ಲಿ ಮೀಸೆ ತಿರುವಿದರು.

ಕೇಳಿದ್ದು ವಿದೂಷಕ ಕೋನಪ್ಪಯ್ಯನನ್ನು. ಅವನು ಕೈಮುಗಿದು, "ತಾವೇ ಅಪ್ಪಣೆ ಕೊಡಿಸಬೇಕು" ಎಂದ.

"ಹಿಂದೆ ಈ ಊರಿಗೆ ರಾಜನೇ ಇರಲಿಲ್ಲ. ಬಲವಿದ್ದವನು ದೋಚುತ್ತಿದ್ದ. ಜನ ಬೇಸತ್ತು ನಮ್ಮ ಮುತ್ತಜ್ಜನ ಕಾಲಿಗೆ ಬಿದ್ದು, 'ನಮ್ಮನ್ನು ಕಾಪಾಡಿ, ನಮ್ಮ ಹಕ್ಕೆಲ್ಲ ನಿಮ್ಮದೇ' ಎಂದರು. ಕೊಟ್ಟಿದ್ದು ಕೊಟ್ಟ ಹಾಗೆ!"

"ಕೊಟ್ಟವರು ಊರವರ ಮುತ್ತಜ್ಜಂದಿರು, ಪ್ರಭು. ಈಗಿನವರು?"

"ಇವರೇನು ಬೇಡ ಅಂದಿದ್ದಾರೆಯೇ? ಸುಮ್ಮನಿದ್ದಾರೆ ಅಂದಮೇಲೆ ಒಪ್ಪಿದ ಹಾಗೆಯೇ. ಬೇಕಾದರೆ ನೋಡು!"

ರಾಜರು ಕುಂಬಾರಗೇರಿಯವರನ್ನು ಕರೆಸಿದರು. "ನಿಮ್ಮ ಕೇರಿಯಲ್ಲಿ ನಮ್ಮ ಆನೆಗಳಿಗೆ ಲಾಯ ಕಟ್ಟಿಸುತ್ತೇವೆ. ನಾಳೆಯೇ ಮನೆ ಖಾಲಿ ಮಾಡಿ. ಒಪ್ಪಿಗೆಯೋ?"

ಕುಂಬಾರ ಚೌಡಪ್ಪ ಹೆಂಡತಿಯ ಮುಖ ನೋಡಿದ. ಅವಳು ಭಟರ ಭರ್ಜಿ ನೋಡಿದಳು. ಯಾರೂ ತುಟಿ ಬಿಚ್ಚಲಿಲ್ಲ. ಪಾಪ, ಹುಟ್ಟಿ ಬೆಳೆದ ಮನೆ, ಚೌಡಪ್ಪನಿಗೆ ಅಳುವೇ ಬಂತು.

"ನೋಡಿದೆಯಾ? ಒಪ್ಪಿದರು!" ಗೆದ್ದ ಖುಷಿಗೆ ರಾಜರು ದೊಡ್ಡದೊಂದು ವೀಳ್ಯವನ್ನು ಬಾಯಿಗೆ ತುರುಕಿಕೊಂಡರು.

ಕೋನಪ್ಪಯ್ಯ ಸರಸರನೆ ಹೋಗಿ, ಉಗುಳುವ ಪಡಿಗವನ್ನು ಸೇವಕನ ಕೈಯಿಂದ ತೆಗೆದುಕೊಂಡು ಬೆನ್ನ ಹಿಂದೆ ಹಿಡಿದು ನಿಂತ. ರಾಜರ ಕೆನ್ನೆ ಉಬ್ಬಿ, ಬಾಯಿ ತುಂಬ ಕೆಂಪು ರಸ ಕೂಡುವವರೆಗೂ ಕಾದ.

"ಪ್ರಭು, ಇವರಿಗೂ ಒಂದು ಸೂರು ಬೇಕಲ್ಲ. ಅರಮನೆಯನ್ನೇ ಬಿಟ್ಟುಕೊಡೋಣವೇ? ಸಿಂಹಾಸನ ಸರಿಸಿ, ಇಲ್ಲೇ ಆವಿಗೆಯ ಗೂಡು ಹಾಕಿ ಮಡಕೆ ಸುಟ್ಟುಕೊಳ್ಳಲಿ. ಒಪ್ಪಿಗೆಯೇ?"

ರಾಜರು ಕಣ್ಣು ಕಣ್ಣು ಬಿಟ್ಟರು. ಉಗುಳೋಣವೆಂದರೆ ಪಡಿಗವಿಲ್ಲ, ಕೆಳಗೆ ರತ್ನಗಂಬಳಿ. "ಊಹೂಂ" ಎನ್ನಲು ಹೋದರು. "ಊ" ಗಂಟಲಲ್ಲೇ ಉಳಿದು "ಹೂಂ" ಮಾತ್ರ ಮೂಗಿನಿಂದ ಹೊರಬಂತು.

"ಕೇಳಿದಿರಾ? ಇವರಾದರೂ ಸುಮ್ಮನಿದ್ದರು, ಮಹಾರಾಜರು ಹೂಂ ಅಂದೇಬಿಟ್ಟರು! ಚೌಡಪ್ಪಾ, ಮಣ್ಣು ತಂದು ಸುರಿ!"

ರಾಜರು ರಸವನ್ನೆಲ್ಲ ಗುಳುಕ್ಕನೆ ನುಂಗಿ, ಕೆಮ್ಮಿ, ಗದರಿದರು: "ಲೋ ಅಯೋಗ್ಯ! ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡು ಬೇಡ ಅನ್ನುವುದು ಹೇಗೋ?"

"ಇವರ ಬಾಯಲ್ಲೂ ತುಂಬಿದೆ ಪ್ರಭು, ಭಯ. ತಾವು ಒಂದೇ ಗುಟುಕಿಗೆ ನುಂಗಿ ಮಾತಾಡಿದಿರಿ. ಇವರು ಮುತ್ತಜ್ಜನ ಕಾಲದಿಂದ ನುಂಗುತ್ತಲೇ ಇದ್ದಾರೆ, ಇನ್ನೂ ಮುಗಿದಿಲ್ಲ."

ಆಸ್ಥಾನ ಉಸಿರು ಬಿಗಿಹಿಡಿಯಿತು. ರಾಜರು ಭರ್ಜಿಗಳತ್ತ ಒಮ್ಮೆ ನೋಡಿ, ಭಟರನ್ನು ಆಚೆ ಕಳಿಸಿದರು. "ಈಗ ಹೇಳಿ. ಕೇರಿ ಬಿಡುತ್ತೀರೋ?"

ಚೌಡಪ್ಪ ಬಾಯಿ ತೆರೆಯುವಷ್ಟರಲ್ಲಿ ಅವನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ಆನೆ ಅಲ್ಲ, ಆನೆ ಅಪ್ಪ ಬಂದ್ರೂ ಬಿಡಾಕಿಲ್ಲ ಬುದ್ಧಿ!"

ರಾಜರು ಹೊಟ್ಟೆ ಹಿಡಿದು ನಕ್ಕರು. ಲಾಯವನ್ನು ಅರಮನೆಯ ಹಿತ್ತಲಿನಲ್ಲೇ ಕಟ್ಟಿಸಿದರು.